ಮಿದುಳಿನ ರಕ್ತನಾಳ ಹಿಗ್ಗಿದೆಯಂತೆ: ಅಪ್ಪನ ತಲೆಯಲ್ಲಿರುವುದು ಬಾಂಬೇ?

ಪ್ರಶ್ನೆ: ನಮ್ಮದು ಗಂಗಾವತಿ. ಅಪ್ಪನಿಗೆ 61 ವರ್ಷ. ಅಕ್ಕಿ ಗಿರಣಿಯಲ್ಲಿ ಮೊದಲು ಹಮಾಲರಾಗಿದ್ದರು, ಈಗ ಅಲ್ಲಿಯೇ ತೂಕ ನೋಡಿಕೊಳ್ಳುತ್ತಾರೆ. ಎರಡು ವರ್ಷಗಳಿಂದ ಎಡಗೆನ್ನೆಯಲ್ಲಿ ಕರೆಂಟ್ ಹೊಡೆದಂಥ ನೋವು. ಎರಡು ದವಡೆ ಹಲ್ಲು ಕೀಳಿಸಿದರೂ ಹೋಗಲಿಲ್ಲ. ಮೂರನೆಯದನ್ನೂ ಕೀಳಬೇಕೆಂದು ಮುಂದಿನ ವಾರಕ್ಕೆ ದಿನ ಕೊಟ್ಟಿದ್ದಾರೆ. ಈ ನಡುವೆ ಬಳ್ಳಾರಿಯಲ್ಲಿ ಎಂಆರ್‌ಐ ಮಾಡಿಸಿದೆವು. ‘ವರ್ಟಿಬ್ರೊಬೇಸಿಲಾರ್ ಡೊಲಿಕೊಎಕ್ಟೇಸಿಯಾ, ಬೇಸಿಲಾರ್ ಧಮನಿಯ ಅಗಲ 6.1 ಮಿ.ಮೀ., ಎಡಗಡೆ ಐದನೆಯ ನರದ ಬುಡಕ್ಕೆ ಒತ್ತುತ್ತಿದೆ’ ಎಂದು ವರದಿ ಬಂದಿದೆ. ಆ ದಿನ ಬಿಪಿ 168/100 ಇತ್ತು. ಮೂವತ್ತು ವರ್ಷಗಳಿಂದ ಬೀಡಿ ಸೇದುತ್ತಾರೆ. ‘ತಲೆಯಲ್ಲಿ ಬಾಂಬ್ ಇಟ್ಟುಕೊಂಡ ಹಾಗೆ, ಬಗ್ಗಬೇಡ, ಬಸ್ ಹತ್ತಬೇಡ’ ಎಂದು ನಮ್ಮ ಕಾಕಾ ಹೇಳಿದ ಮೇಲೆ ಅಪ್ಪ ಮನೆಯಿಂದ ಹೊರಗೇ ಹೋಗುತ್ತಿಲ್ಲ. ಇದು ಒಡೆಯುತ್ತದೆಯೇ? ಆಪರೇಷನ್ ಬೇಕೇ? ರಕ್ತ ತೆಳುವಾಗಲು ಆಸ್ಪಿರಿನ್ ಕೊಡಿ ಎಂದು ಔಷಧಿ ಅಂಗಡಿಯವರು ಹೇಳಿದರು, ಕೊಡಬಹುದೇ? ನನಗೆ 34 ವರ್ಷ. ಇದು ನನಗೂ ಬರುತ್ತದೆಯೇ?

ಉತ್ತರ: ಮೊದಲು ನಿಮ್ಮ ಕಾಕಾ ಇಟ್ಟ ಬಾಂಬನ್ನು ಹೊರಗೆ ತೆಗೆದು ಹಾಕೋಣ. ಅವರು ಕೆಟ್ಟದ್ದನ್ನು ಬಯಸಿ ಹೇಳಿದ ಮಾತಲ್ಲ, ಎಲ್ಲೋ ಕೇಳಿದ್ದನ್ನು ಹೇಳಿದ್ದಾರೆ. ಮಿದುಳಿನ ರಕ್ತನಾಳ ಊದಿದೆ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಅನ್ಯೂರಿಸಂ. ಅದು ನಾಳದ ಒಂದು ಪಕ್ಕದಲ್ಲಿ, ಕೊಂಬೆಗೆ ನೇರಳೆಹಣ್ಣು ಜೋತುಬಿದ್ದ ಹಾಗೆ, ತೆಳುಗೋಡೆಯ ಚೀಲವಾಗಿ ಉಬ್ಬಿಕೊಳ್ಳುವುದು. ಆ ಚೀಲ ಒಡೆಯಬಹುದು, ಒಡೆದರೆ ಅನಾಹುತವೇ. ನಿಮ್ಮ ತಂದೆಯವರ ವರದಿಯಲ್ಲಿರುವುದು ಅದಲ್ಲ. ಅವರಿಗೆ ನಾಳವೇ ಉದ್ದಕ್ಕೂ ಅಗಲವಾಗಿದೆ, ಉದ್ದವಾಗಿದೆ, ಉದ್ದ ಹೆಚ್ಚಾದದ್ದರಿಂದ ಇದ್ದ ಜಾಗದಲ್ಲಿ ಹಿಡಿಸದೆ ಅಂಕುಡೊಂಕಾಗಿದೆ. ಹೆಸರಿನ ಅರ್ಥವೂ ಅಷ್ಟೇ. ಗ್ರೀಕ್ ಭಾಷೆಯಲ್ಲಿ ಡೊಲಿಕೋಸ್ ಎಂದರೆ ಉದ್ದ, ಎಕ್ಟಾಸಿಸ್ ಎಂದರೆ ಹಿಗ್ಗುವಿಕೆ.

ನಾಳದ ಜಾಡನ್ನು ನಿಮಗೆ ತಿಳಿಸುವುದು ಸುಲಭ. ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕ ಎಡಕ್ಕೊಂದು ಬಲಕ್ಕೊಂದು ವರ್ಟಿಬ್ರಲ್ ಧಮನಿಗಳು ಮೇಲೇರುತ್ತವೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುವ ಹಾಗೆ, ತಲೆಬುರುಡೆಯ ಒಳಗೆ ಅವೆರಡೂ ಸೇರಿ ಒಂದೇ ಬೇಸಿಲಾರ್ ಧಮನಿಯಾಗುತ್ತದೆ. ಅದು ಮಿದುಳುಕಾಂಡದ ಮುಂಭಾಗಕ್ಕೆ ಆತುಕೊಂಡು ಮೇಲಕ್ಕೆ ಹೋಗುತ್ತದೆ. ಉಸಿರಾಟ, ನುಂಗುವುದು, ಕಣ್ಣಿನ ಚಲನೆ, ಎಚ್ಚರ ಇವನ್ನೆಲ್ಲ ನಡೆಸುವುದು ಈ ಮಿದುಳುಕಾಂಡ. ಬೇಸಿಲಾರ್ ಧಮನಿಯ ಎರಡೂ ಬದಿಯಿಂದ ಕೂದಲೆಳೆಯಂಥ ಕವಲುಗಳು ಹೊರಟು ಅದಕ್ಕೆ ರಕ್ತ ಉಣಿಸುತ್ತವೆ. ಆರೋಗ್ಯವಂತರಲ್ಲಿ ಈ ಧಮನಿಯ ಅಗಲ 3ರಿಂದ 4 ಮಿಲಿಮೀಟರ್, ಒಂದು ಜೋಳದ ಕಾಳಿನಷ್ಟು. ನಿಮ್ಮ ತಂದೆಯವರದು ಒಣ ಬಟಾಣಿಯಷ್ಟಾಗಿದೆ.

ಎಷ್ಟು ಅಗಲವಾದರೆ ಹೆಚ್ಚು ಎಂಬುದಕ್ಕೆ ನಾವು ಇಂದಿಗೂ ಬಳಸುವ ಅಳತೆ 1986ರದು. ವೆಂಡಿ ಸ್ಮೋಕರ್ ಎಂಬ ರೇಡಿಯಾಲಜಿ ತಜ್ಞೆ ಮತ್ತು ಸಂಗಡಿಗರು ಸಿಟಿ ಸ್ಕ್ಯಾನ್‌ಗಳನ್ನು ಅಳೆದು, ಮಿದುಳುಕಾಂಡದ ನಡುಭಾಗದಲ್ಲಿ ಬೇಸಿಲಾರ್ ಧಮನಿ 4.5 ಮಿಲಿಮೀಟರ್ ದಾಟಿದರೆ ಹಿಗ್ಗಿದೆ ಎನ್ನಬೇಕು ಎಂದರು. ಎಷ್ಟು ಪಕ್ಕಕ್ಕೆ ಸರಿದಿದೆ, ಎಷ್ಟು ಎತ್ತರಕ್ಕೆ ಹೋಗಿ ಕವಲೊಡೆದಿದೆ ಎಂಬುದನ್ನೂ ಅಂಕ ಕೊಟ್ಟು ನೋಡಿದರು. (ಅದನ್ನು ‘ಸ್ಮೋಕರ್ ಮಾನದಂಡ’ ಎಂದೇ ಕರೆಯುತ್ತಾರೆ. ಅದು ಅವರ ಮನೆತನದ ಹೆಸರು, ಬೀಡಿ ಸೇದುವವರಿಗೆ ಮಾಡಿದ ಅಳತೆಯಲ್ಲ. ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಹಾಗೆಯೇ ಬರೆದಿದ್ದ.)

ಇನ್ನು ಇದರಿಂದ ಆಗುವುದೇನು? ಒಂದು ಸಣ್ಣ ಲೆಕ್ಕ ಮಾಡಿ. ನಾಳದ ಅಗಲ ಮೂರರಿಂದ ಆರಾದರೆ, ಅಂದರೆ ಎರಡು ಪಟ್ಟಾದರೆ, ಒಳಗಿನ ಹರವು ನಾಲ್ಕು ಪಟ್ಟಾಗುತ್ತದೆ. ಹೃದಯ ಕಳಿಸುವ ರಕ್ತ ಮೊದಲಿನಷ್ಟೇ ಇದ್ದರೆ ಅದು ಓಡುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ದಂಡೆ ಕುಸಿದು ಅಗಲವಾದ ಕಡೆ ನೀರು ಮಂದವಾಗುತ್ತದೆ, ಮಂದವಾದಲ್ಲಿ ಹೂಳು ಕೂರುತ್ತದೆ, ಹೂಳು ಕೂತ ಕಡೆ ತೂಬಿನ ಬಾಯಿ ಮುಚ್ಚುತ್ತದೆ, ಆ ತೂಬನ್ನು ನಂಬಿದ ಗದ್ದೆ ಒಣಗುತ್ತದೆ. ಹಿಗ್ಗಿದ ಧಮನಿಯಲ್ಲೂ ನಡೆಯುವುದು ಇದೇ. ರಕ್ತ ಮಂದವಾಗಿ, ಕೆಲವೆಡೆ ಸುಳಿದು ಹಿಂದಕ್ಕೂ ಮುಂದಕ್ಕೂ ತೊನೆದಾಡಿ, ಗೋಡೆಯ ಅಂಚಿನಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಸಣ್ಣ ಕವಲಿನ ಬಾಯಿಯನ್ನು ಮುಚ್ಚಬಹುದು, ಇಲ್ಲವೇ ಚೂರಾಗಿ ತೇಲಿಹೋಗಿ ಮುಂದೆಲ್ಲೋ ಸಿಕ್ಕಿಕೊಳ್ಳಬಹುದು. ನಾಳ ಉದ್ದವಾಗಿ ಬಾಗುವಾಗ ಕವಲುಗಳ ಬುಡವೂ ಎಳೆದುಹೋಗಿ ಸಂದು ಕಿರಿದಾಗುತ್ತದೆ. ಫಲ ಒಂದೇ, ಮಿದುಳುಕಾಂಡದಲ್ಲೋ ಚಿಕ್ಕಮಿದುಳಿನಲ್ಲೋ ಲಕ್ವ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾವೆಲ್ಲ ಅದನ್ನೇ ನೋಡುತ್ತ ಕುಳಿತಿದ್ದೆವು. ಆದರೆ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಅಣೆಕಟ್ಟನ್ನು ಸುಮಾರು 105ಕ್ಕೆ ಇಳಿಸಿದ್ದು ಗೇಟ್ ಅಲ್ಲ, ಸದ್ದಿಲ್ಲದೆ ಕೂತ ಹೂಳು. ನಿಮ್ಮ ತಂದೆಯವರ ವಿಷಯದಲ್ಲಿಯೂ ನಾನು ಹೆಚ್ಚು ಅಂಜುವುದು ಒಡೆಯುವುದಕ್ಕಲ್ಲ, ಹೂಳಿಗೆ. ಇಟಲಿಯ ವೈದ್ಯರು ಈ ತೊಂದರೆಯಿದ್ದ 156 ಜನರನ್ನು ಸರಾಸರಿ ಹನ್ನೆರಡು ವರ್ಷಗಳ ಹತ್ತಿರ ಗಮನಿಸಿ 2008ರಲ್ಲಿ ವರದಿ ಮಾಡಿದರು. ಅವರಲ್ಲಿ ಅತಿ ಹೆಚ್ಚು ಕಂಡದ್ದು ರಕ್ತ ಕಟ್ಟಿ ಆಗುವ ಲಕ್ವ. ಆಮೇಲೆ ನರಗಳ ಮೇಲಿನ ಒತ್ತಡ. ರಕ್ತಸ್ರಾವ ಅವೆರಡರ ಹಿಂದೆ ಉಳಿಯಿತು. ಒಡೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಾಳ ಇನ್ನೂ ಹಿಗ್ಗಿ 10 ಮಿಲಿಮೀಟರ್ ದಾಟಿದರೆ, ಅದರಲ್ಲಿಯೇ ಒಂದು ಕಡೆ ಕದಿರಿನ ಹಾಗೆ ನಡು ಉಬ್ಬಿಕೊಂಡರೆ, ಬಿಪಿ ಹತೋಟಿ ತಪ್ಪಿದರೆ ಅಪಾಯ ಏರುತ್ತದೆ. 6.1ರಲ್ಲಿ ನಿಂತಿರುವ, ಚೀಲವಾಗಿ ಉಬ್ಬದ ನಾಳಕ್ಕೆ ಮನೆಯಲ್ಲಿ ಸೆರೆಯಾಗುವ ಅಗತ್ಯವಿಲ್ಲ. ಅವರು ಬಗ್ಗಬಹುದು, ಬಸ್ಸಿನಲ್ಲಿ ಬಳ್ಳಾರಿಗೆ ಬರಬಹುದು, ಗಿರಣಿಯಲ್ಲಿ ತೂಕ ನೋಡಬಹುದು. ಬಿಪಿ ಇಳಿಯುವ ತನಕ ಉಸಿರು ಬಿಗಿಹಿಡಿದು ಚೀಲ ಎತ್ತುವುದು ಬೇಡ, ಅಷ್ಟೇ. ಇನ್ನೊಂದು ಬೇಡವನ್ನು ಒತ್ತಿ ಹೇಳುತ್ತೇನೆ. ಕ್ಷೌರದಂಗಡಿಯಲ್ಲಿ ಕಟಿಂಗ್ ಆದ ಮೇಲೆ ತಲೆ ಹಿಡಿದು ಕುತ್ತಿಗೆಯ ನೆಟಿಕೆ ತೆಗೆಯುತ್ತಾರಲ್ಲ, ಅದಕ್ಕೆ ಕುತ್ತಿಗೆ ಕೊಡಬಾರದು. ಆ ತಿರುವಿನಲ್ಲಿ ವರ್ಟಿಬ್ರಲ್ ಧಮನಿಯ ಒಳಪದರ ಸೀಳಿ ಲಕ್ವವಾದ ಗಟ್ಟಿಮುಟ್ಟಾದ ತರುಣರನ್ನೇ ನೋಡಿದ್ದೇನೆ.

ಈಗ ಕೆನ್ನೆಯ ನೋವಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದೇ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಹಿರಿಯರೊಬ್ಬರು ನನ್ನ ಕೋಣೆಗೆ ಬಂದು ಕೂರುವ ಮುಂಚೆಯೇ ‘ಫ್ಯಾನ್ ಆರಿಸಿರಿ’ ಎಂದರು. ಬಳ್ಳಾರಿಯ ಮೇ ತಿಂಗಳಿನಲ್ಲಿ ಫ್ಯಾನ್ ಆರಿಸಿ ಎನ್ನುವವರು ಯಾರು? ಟವೆಲನ್ನು ಎಡಗೆನ್ನೆಗೆ ಮರೆ ಮಾಡಿಕೊಂಡಿದ್ದರು, ಗಾಳಿ ತಾಗಬಾರದೆಂದು. ಟವೆಲ್ ತೆಗೆಸಿದಾಗ ಬಲಗೆನ್ನೆ ನುಣ್ಣಗೆ ಕ್ಷೌರವಾಗಿತ್ತು, ಎಡಗೆನ್ನೆಯಲ್ಲಿ ತಿಂಗಳ ಗಡ್ಡ. ಬ್ಲೇಡು ತಾಗಿಸಲು ಅವರಿಗೆ ಧೈರ್ಯವಿರಲಿಲ್ಲ. ಮಾತನಾಡುತ್ತಿದ್ದವರು ನಡುವೆ ಗಕ್ಕನೆ ನಿಂತು, ಕಣ್ಣು ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ಕಲ್ಲಾದರು. ಆಮೇಲೆ ಏನೂ ಆಗದವರಂತೆ ಬಿಟ್ಟಲ್ಲಿಂದ ಮಾತು ಮುಂದುವರಿಸಿದರು. ಅವರ ರೋಗ ಹಿಡಿಯಲು ನನಗೆ ಸ್ಕ್ಯಾನ್ ಬೇಕಾಗಲಿಲ್ಲ. ಅದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಮುಖದ ಸ್ಪರ್ಶವನ್ನು ಹೊತ್ತೊಯ್ಯುವ ಐದನೆಯ ನರದ ಶೂಲೆ. ಸ್ಕ್ಯಾನ್ ಬೇಕಾದದ್ದು ಅದರ ಕಾರಣ ತಿಳಿಯಲು.

ಹೆಚ್ಚಿನವರಲ್ಲಿ ಈ ನರದ ಬುಡಕ್ಕೆ ಯಾವುದೋ ಸಣ್ಣ ಧಮನಿಯ ಸುತ್ತು ತಾಗಿರುತ್ತದೆ. ಹಿಗ್ಗಿದ ಬೇಸಿಲಾರ್ ಧಮನಿಯೇ ಒತ್ತುವುದು ಅಪರೂಪ. ಅಪರೂಪವಾದರೂ ಅದರ ಚಹರೆ ಬಲ್ಲವರಿಗೆ ಪರಿಚಿತವೇ, ವಯಸ್ಸಾದ ಗಂಡಸು, ಹಳೆಯ ಬಿಪಿ, ಹೆಚ್ಚಾಗಿ ಎಡಗಡೆ. ನಾಡಿ ಬಡಿದಾಗಲೆಲ್ಲ ನಾಳ ನರದ ಬುಡವನ್ನು ತಟ್ಟುತ್ತದೆ, ವರ್ಷಗಟ್ಟಲೆ ತಟ್ಟಿ ನರದ ಹೊದಿಕೆ ಸವೆಯುತ್ತದೆ. ವಿದ್ಯುತ್ ತಂತಿಯ ರಬ್ಬರ್ ಸವೆದರೆ ಏನಾಗುತ್ತದೋ ಅದೇ. ಮುಟ್ಟಿದ ಸುದ್ದಿಯನ್ನು ಒಯ್ಯುವ ಎಳೆ ಪಕ್ಕದ ನೋವಿನ ಎಳೆಗೆ ಕಿಡಿ ಹಾರಿಸುತ್ತದೆ. ಹಾಗಾಗಿ ಬಾಚಣಿಗೆ ತಾಗಿದರೂ ಗಾಳಿ ಬೀಸಿದರೂ ಮಿಂಚು ಹೊಡೆಯುತ್ತದೆ.

ಹಲ್ಲಿನ ವೈದ್ಯರನ್ನು ದೂರುವ ಮುಂಚೆ ಒಂದು ಮಾತು. ರೋಗಿಗೆ ನೋವು ನಿಜವಾಗಿಯೂ ಹಲ್ಲಿನಲ್ಲೇ ಇದ್ದಂತೆ ಅನ್ನಿಸುತ್ತದೆ. ‘ಈ ಹಲ್ಲೇ, ಕಿತ್ತುಬಿಡಿ’ ಎಂದು ಬೆರಳಿಟ್ಟು ತೋರಿಸುತ್ತಾರೆ, ಜಗಳವನ್ನೂ ಮಾಡುತ್ತಾರೆ. ಆದರೆ ವ್ಯತ್ಯಾಸ ಕೇಳಿದರೆ ಸಿಗುತ್ತದೆ. ಹುಳುಕು ಹಲ್ಲಿನ ನೋವು ಗಂಟೆಗಟ್ಟಲೆ ಜಿನುಗುತ್ತದೆ, ಬಿಸಿ ಚಹಾಕ್ಕೂ ತಣ್ಣೀರಿಗೂ ಕೆರಳುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ನರದ ಶೂಲೆ ಕೆಲವು ಕ್ಷಣ, ಹೆಚ್ಚೆಂದರೆ ಎರಡು ನಿಮಿಷ. ಮುಖ ತೊಳೆದಾಗ, ಹಲ್ಲುಜ್ಜಿದಾಗ, ಮೊದಲ ತುತ್ತು ಅಗಿದಾಗ ಹೊಡೆಯುತ್ತದೆ, ನಿದ್ದೆಯಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ನಿಮ್ಮ ತಂದೆಯವರು ಕಡಕ್ ರೊಟ್ಟಿ ಬಿಟ್ಟು ನುಚ್ಚು, ಗಂಜಿಗೆ ಬಂದಿದ್ದಾರೆಯೇ? ತಟ್ಟೆ ಮುಂದಿಟ್ಟುಕೊಂಡು ಮೊದಲ ತುತ್ತಿಗೆ ಹೆದರುತ್ತಾರೆಯೇ? ಗಮನಿಸಿ. ಈ ಕಾಯಿಲೆಯಲ್ಲಿ ಮೈಕೈ ಇಳಿದುಹೋಗುವುದು ಹಸಿವೆಯಿಂದ.

ಇದಕ್ಕೆ ಮೊದಲ ಮದ್ದು ಕಾರ್ಬಮಾಜೆಪಿನ್ ಮಾತ್ರೆ. ಫಿಟ್ಸ್ ಕಾಯಿಲೆಗೂ ಇದನ್ನೇ ಕೊಡುತ್ತಾರೆ, ಆದ್ದರಿಂದ ಅಂಗಡಿಯವರೋ ನೆಂಟರೋ ‘ಇದು ಮೂರ್ಛೆರೋಗದ ಮಾತ್ರೆ, ಯಾಕೆ ಕೊಟ್ಟರು?’ ಎಂದು ಗಾಬರಿ ಹುಟ್ಟಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. 100 ಮಿಲಿಗ್ರಾಂನಂಥ ಕಡಿಮೆ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಇದು ಮಾಮೂಲಿ ನೋವಿನ ಮಾತ್ರೆಯಂತೆ ನೋವು ಬಂದಾಗ ನುಂಗುವುದಲ್ಲ, ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಎರಡು ವರ್ಷ ಕಾಡಿದ ನೋವು ಕೆಲವೇ ದಿನಗಳಲ್ಲಿ ಕರಗಿದ್ದನ್ನು ಕಂಡು ಮನೆಯವರು ದಂಗಾಗುವುದುಂಟು. ಆದರೆ ಇದು ಸಾಧು ಮಾತ್ರೆಯಲ್ಲ. ಆರಂಭದ ವಾರಗಳಲ್ಲಿ ಮೈಮೇಲೆ ಕೆಂಪು ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಅದೇ ಗಳಿಗೆಯಲ್ಲಿ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು, ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿಸುತ್ತ ಕೂರಬಾರದು. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಸುತ್ತದೆ. ಆಗ ಮಂಕು, ತೂರಾಟ, ಗೊಂದಲದ ಮಾತು ಕಾಣಿಸಿಕೊಂಡು ಮನೆಯವರು ಲಕ್ವ ಹೊಡೆಯಿತೆಂದು ತಿಳಿಯುತ್ತಾರೆ. ಅದಕ್ಕೇ ನಡುನಡುವೆ ರಕ್ತಪರೀಕ್ಷೆ. ಮತ್ತೊಂದು ಗುಟ್ಟು: ಈ ಮಾತ್ರೆ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ ಬೇರೆ ಹಲವು ಔಷಧಿಗಳನ್ನು ಬೇಗ ಕರಗಿಸುತ್ತದೆ, ನಿಮ್ಮೂರಿನ ಎಲ್ಲ ಅಂಗಡಿಗಳಲ್ಲಿ ಸಿಗುವ ಆಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯನ್ನೂ ಸೇರಿಸಿ. ಕೆನ್ನೆ ನೋವು ಹೋಯಿತು, ಬಿಪಿ ಯಾಕೋ ಇಳಿಯುತ್ತಿಲ್ಲ ಎಂದರೆ ಕಾರಣ ಇದಿರಬಹುದು. ಎರಡೂ ಚೀಟಿಗಳನ್ನು ಒಬ್ಬ ವೈದ್ಯರ ಕಣ್ಣಿಗೆ ಒಟ್ಟಿಗೆ ತೋರಿಸಿ.

ನಾಳ ಒತ್ತುವ ನರ ಬೇರೆಯಾದರೆ ಕಾಣುವ ತೊಂದರೆಯೂ ಬೇರೆ. ಏಳನೆಯ ನರವನ್ನು ಒತ್ತಿದರೆ ಮುಖದ ಒಂದು ಬದಿ ತಾನಾಗಿ ಎಳೆಯತೊಡಗುತ್ತದೆ. ಮೊದಲು ಕಣ್ಣಿನ ಕೆಳಗೆ ಅದುರು, ತಿಂಗಳುಗಳ ಮೇಲೆ ಬಾಯಂಚಿನ ತನಕ. ಸಿಂಧನೂರಿನ ಕಡೆಯ ಶಿಕ್ಷಕಿಯೊಬ್ಬರು ಎಡಗಣ್ಣು ಅದುರುವುದು ಹೆಂಗಸರಿಗೆ ಶುಭ ಶಕುನವೆಂದು ಒಂದೂವರೆ ವರ್ಷ ಕಾದಿದ್ದರು. ಶುಭ ಬರಲಿಲ್ಲ, ತರಗತಿಯಲ್ಲಿ ಹುಡುಗರು ‘ಟೀಚರ್ ಕಣ್ಣು ಹೊಡೆಯುತ್ತಾರೆ’ ಎಂದು ನಗುವಂತಾಯಿತು. ಅವರಿಗೆ ಬೊಟುಲಿನಂ ಚುಚ್ಚುಮದ್ದು ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕಾಗುತ್ತಿದೆ. (ನಿದ್ದೆಗೆಟ್ಟಾಗ ಎರಡು ದಿನ ರೆಪ್ಪೆ ಅದುರಿದರೆ ಅದು ಈ ಕಾಯಿಲೆಯಲ್ಲ, ಮಲಗಿ ಎದ್ದರೆ ಸರಿಹೋಗುತ್ತದೆ.) ಎಂಟನೆಯ ನರವಾದರೆ ಒಂದು ಕಿವಿ ಮಂದ, ಮೊರೆತ, ತಲೆಸುತ್ತು. ಇನ್ನೂ ಕೆಳಗಿನವಾದರೆ ನುಂಗುವಾಗ ನೆತ್ತಿಗೇರುವುದು, ದನಿ ಒಡೆಯುವುದು. ಧಮನಿ ಬಹಳ ಎತ್ತರಕ್ಕೆ ಬೆಳೆದು ಮಿದುಳಿನ ನೀರು ಹರಿಯುವ ದಾರಿಗೆ ಅಡ್ಡ ನಿಂತರೆ ನಡಿಗೆ ನಿಧಾನವಾಗಿ ಕೆಡುತ್ತದೆ, ಮೂತ್ರ ತಡೆಯಲಾಗುವುದಿಲ್ಲ, ಮರೆವು ಬರುತ್ತದೆ. ಇದು ವಿರಳ, ಆದರೆ ‘ವಯಸ್ಸಾಯಿತು’ ಎಂದು ಮೂಲೆಗೆ ಕೂರಿಸಿದ ಹಿರಿಯರು ನೀರು ಇಳಿಸುವ ಕೊಳವೆ ಹಾಕಿದ ಮೇಲೆ ಮತ್ತೆ ನಡೆಯಬಲ್ಲರು ಎಂಬುದಕ್ಕಾಗಿ ಹೇಳಿದೆ.

ಆಸ್ಪಿರಿನ್ ಬಗ್ಗೆ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಹೂಳು ಕೂರುತ್ತದೆ ಎಂದ ಮೇಲೆ ಹೂಳು ಕರಗಿಸುವುದೇಕೆ ಬೇಡ ಎಂದು ನೀವು ಕೇಳಬಹುದು. ನಿಮ್ಮ ತಂದೆಯವರಿಗೆ ಇದುವರೆಗೆ ಲಕ್ವವಾಗಲೀ ಅದರ ಮುನ್ಸೂಚನೆಯಾಗಲೀ ಆದಂತಿಲ್ಲ. ಬಿಪಿ 168/100 ಇರುವಾಗ, ಗೋಡೆ ದುರ್ಬಲವಾದ ನಾಳವಿರುವಾಗ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯನ್ನು ಕೌಂಟರ್ ಮೇಲಿನ ಸಲಹೆಯಿಂದ ಆರಂಭಿಸುವುದು ಎರಡಲಗಿನ ಕತ್ತಿ. ರಕ್ತ ಕಟ್ಟಿ ಲಕ್ವವಾದವರಿಗೆ ನಾವೇ ಆಸ್ಪಿರಿನ್ ಬರೆಯುತ್ತೇವೆ, ಅದೂ ಬಿಪಿ ಹತೋಟಿಗೆ ತಂದು. ನಿಮ್ಮ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಈ ಎಂಆರ್‌ಐನಲ್ಲಿ ಹಳೆಯ ಸಣ್ಣ ಲಕ್ವದ ಕಲೆಗಳಿವೆಯೇ? ಎಲ್ಲಾದರೂ ರಕ್ತ ಒಸರಿದ ಚುಕ್ಕೆಗಳಿವೆಯೇ? ಕೊಡುವುದೋ ಬಿಡುವುದೋ ಎಂಬುದು ಬಹುಪಾಲು ಈ ಎರಡು ಉತ್ತರಗಳ ಮೇಲೆ ನಿಂತಿದೆ.

ಹಾಗಾದರೆ ಈಗ ಮಾಡಬೇಕಾದ್ದೇನು? ಬಿಪಿ. ಇಷ್ಟು ಸಪ್ಪೆ ಉತ್ತರವನ್ನು ಕೇಳಲು ಯಾರೂ ಬಳ್ಳಾರಿಯವರೆಗೆ ಬರುವುದಿಲ್ಲ, ನನಗೆ ಗೊತ್ತು. ಆದರೆ ನಾಳದ ಗೋಡೆಯ ಒಳಗೆ ರಬ್ಬರಿನಂಥ ಒಂದು ತೆಳುಪದರವಿದೆ. ದಶಕಗಳ ಒತ್ತಡಕ್ಕೆ ಅದು ಬಿರುಕು ಬಿಟ್ಟು, ಅದರ ಹೊರಗಿನ ಸ್ನಾಯುಪದರ ತೆಳುವಾಗಿ, ನಾಳ ಹಿಗ್ಗುತ್ತ ಹೋಗುತ್ತದೆ. ಒಮ್ಮೆ ಹಿಗ್ಗಿದ್ದನ್ನು ಯಾವ ಮಾತ್ರೆಯೂ ಕುಗ್ಗಿಸುವುದಿಲ್ಲ. ಮೊದಲು ಹೇಳಿದ ಆ ಅಧ್ಯಯನದಲ್ಲಿ ನೂರಕ್ಕೆ 43 ಜನರಲ್ಲಿ ನಾಳ ವರ್ಷಗಳು ಕಳೆದಂತೆ ಇನ್ನಷ್ಟು ಹಿಗ್ಗಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇದ್ದಲ್ಲೇ ನಿಂತಿತು ಎಂದೂ ಆಯಿತು. ನಿಮ್ಮ ತಂದೆಯವರನ್ನು ಆ ಎರಡನೆಯ ಗುಂಪಿನಲ್ಲಿ ನಿಲ್ಲಿಸಲು ನಮ್ಮ ಕೈಯಲ್ಲಿರುವ ಹಗ್ಗ ಬಿಪಿ ಮತ್ತು ಬೀಡಿ ಎರಡೇ.

168/100 ನೋವಿನ ಹೊತ್ತಿನಲ್ಲಿ ನೋಡಿದ್ದಿರಬಹುದು, ನೋವು ಬಿಪಿ ಏರಿಸುತ್ತದೆ. ಆದ್ದರಿಂದ ಮನೆಯಲ್ಲೊಂದು ತೋಳಿಗೆ ಕಟ್ಟುವ ಯಂತ್ರ ಇಟ್ಟುಕೊಂಡು, ಐದು ನಿಮಿಷ ಸುಮ್ಮನೆ ಕೂರಿಸಿ, ಬೆಳಿಗ್ಗೆ ಸಂಜೆ ಒಂದು ವಾರ ಬರೆದಿಡಿ. ಗುರಿ 130/80ರ ಆಸುಪಾಸು, ವಾರಗಳಲ್ಲಿ ಮೆಲ್ಲಗೆ. ಒಂದೇ ದಿನದಲ್ಲಿ ಧಡಕ್ಕನೆ ಇಳಿಸಿದರೆ ಆ ಕೂದಲೆಳೆ ಕವಲುಗಳಿಗೆ ರಕ್ತ ಸಾಲದೆ ಹೋಗುತ್ತದೆ, ಕಾಲುವೆಯಲ್ಲಿ ನೀರಿನ ಮಟ್ಟ ಇಳಿದಾಗ ಮೊದಲು ಒಣಗುವುದು ಕೆಳಭಾಗದ ರೈತರ ಗದ್ದೆ ತಾನೆ. ಬಿಪಿ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಭಾಗದ ಜನ ಮಾತ್ರೆ ತಪ್ಪಿಸುವುದು ದುಡ್ಡಿಲ್ಲದೆ ಅಲ್ಲ. ಹುಲಿಗಿ ಜಾತ್ರೆಗೆ ಹೋದಾಗ, ಶ್ರಾವಣದ ಉಪವಾಸದಲ್ಲಿ, ‘ಈಗ ನಾರ್ಮಲ್ ಬಂದಿದೆಯಲ್ಲ’ ಎಂದು. ನಾರ್ಮಲ್ ಬಂದದ್ದು ಮಾತ್ರೆಯಿಂದ. ಉಪ್ಪಿನ ವಿಷಯದಲ್ಲಿ ಪ್ರವಚನ ಮಾಡುವುದಿಲ್ಲ, ಉಪ್ಪಿನಕಾಯಿ ಮತ್ತು ಸಂಜೆಯ ಮಿರ್ಚಿ ಬಜ್ಜಿ ಎರಡನ್ನು ಹಿಡಿತದಲ್ಲಿಟ್ಟರೂ ಅರ್ಧ ಕೆಲಸವಾಯಿತು. ಬಿಸಿಲಿನ ದಿನಗಳಲ್ಲಿ ನೀರು ಚೆನ್ನಾಗಿ ಕುಡಿಯಲಿ, ಮೈ ಒಣಗಿದಾಗ ರಕ್ತ ಇನ್ನೂ ಮಂದವಾಗುತ್ತದೆ. ಬೀಡಿಯನ್ನು ಮಾತ್ರ ಕಡಿಮೆ ಮಾಡುವುದಲ್ಲ, ಬಿಡುವುದು.

ಆಪರೇಷನ್ ಎಂಬ ಪದಕ್ಕೆ ಇಲ್ಲಿ ಎರಡು ಅರ್ಥವಿದೆ. ಹಿಗ್ಗಿದ ಧಮನಿಯನ್ನೇ ಸರಿಪಡಿಸುವುದು ಒಂದು. ಚೀಲದಂಥ ಅನ್ಯೂರಿಸಂ ಆದರೆ ಆ ಚೀಲದ ಕುತ್ತಿಗೆಗೆ, ಅಂದರೆ ಅದು ನಾಳಕ್ಕೆ ಅಂಟಿರುವ ಬುಡಕ್ಕೆ, ಕ್ಲಿಪ್ ಹಾಕಬಹುದು, ಇಲ್ಲಿ ಕ್ಲಿಪ್ ಹಾಕಲು ಅಂಥ ಕುತ್ತಿಗೆಯೇ ಇಲ್ಲ. ಒಳಗೆ ಸ್ಟೆಂಟ್ ಇಟ್ಟರೆ ಮಿದುಳುಕಾಂಡದ ಕವಲುಗಳ ಬಾಯಿ ಮುಚ್ಚುವ ಭಯ. ನಿಮ್ಮ ತಂದೆಯವರಂಥ ಸ್ಥಿತಿಯಲ್ಲಿ ಅದಕ್ಕೆ ಕೈಹಾಕುವುದು ನನ್ನ ದೃಷ್ಟಿಯಲ್ಲಿ ರೋಗಕ್ಕಿಂತ ದೊಡ್ಡ ಅಪಾಯ. ಯಾರಾದರೂ ಆತುರಪಡಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಎರಡನೆಯದು ನೋವಿಗಾಗಿ ಮಾಡುವ ಶಸ್ತ್ರಚಿಕಿತ್ಸೆ. ಕಿವಿಯ ಹಿಂದೆ ಸಣ್ಣ ಕಿಂಡಿ ತೆರೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ನಾಳ ಮತ್ತು ನರದ ನಡುವೆ ಟೆಫ್ಲಾನ್‌ನ ಮೆತ್ತೆ ಇಡುವುದು. ಅಮೆರಿಕದ ಪೀಟರ್ ಜಾನೆಟ್ಟಾ 1960ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು. ಸಣ್ಣ ಧಮನಿಯಾದರೆ ಸುಲಭವಾಗಿ ಸರಿಯುತ್ತದೆ. ಬೇಸಿಲಾರ್ ಧಮನಿ ದಪ್ಪ, ಬಿರುಸು. ಅದನ್ನು ಎಳೆದು ಪಕ್ಕಕ್ಕೆ ಕಟ್ಟಿ ನಿಲ್ಲಿಸುವುದು ನುರಿತ ಕೈಗೂ ಕಷ್ಟ. ಮಾತ್ರೆಗೆ ನೋವು ಬಗ್ಗದಿದ್ದರೆ, ಅಥವಾ ಮಾತ್ರೆ ಒಗ್ಗದಿದ್ದರೆ, ಆಗ ಈ ಮಾತು. ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಸ್ವಲ್ಪ ಮರಗಟ್ಟಿಸುವ ದಾರಿಯೂ ಇದೆ, ವಯಸ್ಸಾದವರಿಗೆ ಕೆಲವೊಮ್ಮೆ ಅದೇ ಮೇಲು.

ಅಲ್ಲಿಯವರೆಗೆ ಮಾಡುವುದು ಕಾವಲು. ಸಾಮಾನ್ಯವಾಗಿ ವರ್ಷದ ಮೇಲೆ ಇನ್ನೊಂದು ಎಂಆರ್‌ಐ ಮತ್ತು ಎಂಆರ್ ಆಂಜಿಯೋಗ್ರಾಂ ಮಾಡಿಸಿ ಹೋಲಿಸುತ್ತೇವೆ. ಹಳೆಯ ಫಿಲ್ಮ್, ಸಿಡಿ ಎಸೆಯಬೇಡಿ. ರಕ್ತ ಮಂದವಾಗಿ ಹರಿಯುವ ನಾಳ ಕೆಲವು ಬಗೆಯ ಆಂಜಿಯೋಗ್ರಾಂನಲ್ಲಿ ಇರುವುದಕ್ಕಿಂತ ಸಣ್ಣದಾಗಿ ಕಾಣಿಸುತ್ತದೆ, ವರದಿಯ ಒಂದು ಸಾಲನ್ನು ನಂಬಿ ‘ಕಡಿಮೆಯಾಯಿತು’ ಎಂದು ಹಿಗ್ಗಬಾರದು. ಹೊಟ್ಟೆಯ ಅಲ್ಟ್ರಾಸೌಂಡ್ ಒಮ್ಮೆ ಮಾಡಿಸಿ. ಮಿದುಳಿನ ಧಮನಿ ಹಿಗ್ಗಿದವರಲ್ಲಿ ಹೊಟ್ಟೆಯ ಮಹಾಧಮನಿಯೂ ಹಿಗ್ಗಿರುವುದುಂಟು, ಅದು ಸುಲಭವಾಗಿ ಕಾಣುತ್ತದೆ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಯ ಮೂಲಕ ಹೋಗಿ. ಕೊಪ್ಪಳದ ವೈದ್ಯಕೀಯ ಕಾಲೇಜು ನಿಮಗೆ ಹತ್ತಿರ, ಬಳ್ಳಾರಿಯ ವಿಮ್ಸ್ (ಹೆಸರು ಬದಲಾದರೂ ಜನರ ಬಾಯಲ್ಲಿ ಅದು ವಿಮ್ಸ್ ಆಗಿಯೇ ಉಳಿದಿದೆ) ಇದೆ, ಮುಂದಕ್ಕೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೊರಗೆ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಮನೆಯವರೆಲ್ಲ ಬಾಯಿಪಾಠ ಮಾಡಬೇಕಾದದ್ದು ಒಂದಿದೆ. ಹಿಂಭಾಗದ ಮಿದುಳಿನ ಲಕ್ವ ಯಾವಾಗಲೂ ಬಾಯಿ ಸೊಟ್ಟಗಾಗಿ ಕೈ ಬೀಳುವ ರೂಪದಲ್ಲಿ ಬರುವುದಿಲ್ಲ. ಇದ್ದಕ್ಕಿದ್ದಂತೆ ಒಂದು ವಸ್ತು ಎರಡಾಗಿ ಕಾಣುವುದು, ನಿಂತರೆ ಒಂದೇ ಬದಿಗೆ ವಾಲಿ ಬೀಳುವಂಥ ತಲೆಸುತ್ತು, ಕುಡಿದವರಂತೆ ತೊದಲು, ಗುಟುಕು ನೀರೂ ಇಳಿಯದಿರುವುದು, ಮುಖದ ಒಂದು ಕಡೆ ಮತ್ತು ಕೈಕಾಲಿನ ಇನ್ನೊಂದು ಕಡೆ ಜೋಮು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಅದು ಲೆಕ್ಕಕ್ಕೆ ಬರುತ್ತದೆ. ‘ಪಿತ್ತ’ ಎಂದು ನಿಂಬೆ ಶರಬತ್ತು ಮಾಡಿಕೊಡುವುದು, ಲಕ್ವದ ನಾಟಿ ಔಷಧಿಗೆಂದು ಹಳ್ಳಿ ಹುಡುಕಿಕೊಂಡು ಹೋಗುವುದು ಬೇಡ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ, ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಆಗುವ ತನಕ ಮನೆಯಲ್ಲಿ ಆಸ್ಪಿರಿನ್ ಅಗಿಸಬೇಡಿ, ಹೃದಯಾಘಾತಕ್ಕೆ ಹೇಳಿದ ಉಪಾಯ ಇಲ್ಲಿ ಹೊಂದುವುದಿಲ್ಲ. ಆಗುತ್ತಿರುವುದು ರಕ್ತಸ್ರಾವವೋ ಹೆಪ್ಪೋ ಎಂದು ಹೊರಗಿನಿಂದ ನನಗೂ ತಿಳಿಯುವುದಿಲ್ಲ.

ನಿಮ್ಮ ಮಟ್ಟಿಗೆ: 61ರ ವಯಸ್ಸು, ಬಿಪಿ, ಬೀಡಿ ಮೂರೂ ಕೂಡಿದಾಗ ವಂಶವನ್ನು ದೂರಬೇಕಾಗಿಲ್ಲ. ನಿಮಗೆ ಎಂಆರ್‌ಐ ಬೇಡ, ಬಿಪಿ ನೋಡಿಸಿಕೊಳ್ಳಿ. ತಂದೆಗೆ ಬಿಪಿ ಇದ್ದರೆ ಮಗನಿಗೆ ಬರುವ ಸಾಧ್ಯತೆ ಮಾತ್ರ ನಿಜವಾಗಿಯೂ ಹೆಚ್ಚು. ಹುಟ್ಟಿನಿಂದ ಬರುವ ಕೆಲವು ಕಾಯಿಲೆಗಳಲ್ಲೂ ಈ ನಾಳ ಹಿಗ್ಗುತ್ತದೆ. ಫ್ಯಾಬ್ರಿ ಎಂಬ ಕಾಯಿಲೆ ಅದರಲ್ಲೊಂದು. ಅದರಲ್ಲಿ ಒಂದು ಕಿಣ್ವ ಕೊರತೆಯಾಗಿ ಚಿಕ್ಕಂದಿನಿಂದಲೇ ಅಂಗೈ ಅಂಗಾಲು ಉರಿ, ಬೆವರು ಬಾರದಿರುವುದು, ಸೊಂಟದ ಸುತ್ತ ಕೆಂಪು ಚುಕ್ಕೆ, ಮುಂದೆ ಮೂತ್ರಪಿಂಡ ಮತ್ತು ಹೃದಯದ ತೊಂದರೆ ಕಾಣಿಸಿಕೊಳ್ಳುತ್ತವೆ. ಪಾಂಪೆ ಕಾಯಿಲೆ, ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳಾಗುವ ವಂಶವಾಹಿ ಕಾಯಿಲೆ ಇನ್ನೆರಡು. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಲಕ್ವವಾದವರು, ಡಯಾಲಿಸಿಸ್‌ಗೆ ಹೋದವರು ಇದ್ದರೆ ಅದನ್ನು ವೈದ್ಯರಿಗೆ ಹೇಳಿ. ಇಲ್ಲವಾದರೆ ಈ ಹೆಸರುಗಳನ್ನು ಇಲ್ಲಿಗೇ ಮರೆತುಬಿಡಿ, ರಾತ್ರಿ ಮೊಬೈಲಿನಲ್ಲಿ ಹುಡುಕುತ್ತ ಕೂರಬೇಡಿ.

ಕೊನೆಯದಾಗಿ, ಈ ಪತ್ರ ತಲುಪಿದ ದಿನವೇ ಒಂದು ಫೋನ್ ಮಾಡಿ, ಮೂರನೆಯ ಹಲ್ಲಿಗೆ ಕೊಟ್ಟ ದಿನವನ್ನು ರದ್ದು ಮಾಡಿಸಿ. ಎಂಆರ್‌ಐ ವರದಿಯ ಒಂದು ಪ್ರತಿಯನ್ನು ಆ ದಂತವೈದ್ಯರಿಗೂ ಕೊಡಿ. ಹಲ್ಲಿನ ಎಕ್ಸ್‌-ರೇಯಲ್ಲಿ ಹುಳುಕು ಕಾಣದಿದ್ದರೆ ಆ ಹಲ್ಲು ಅಲ್ಲಿಯೇ ಇರಲಿ. ನೋವು ಹಿಡಿತಕ್ಕೆ ಬಂದ ಮೇಲೆ ಕಡಕ್ ರೊಟ್ಟಿ ಅಗಿಯಲು ಅದು ಬೇಕಾಗುತ್ತದೆ.